ಕೂಸಿನ ಉಸಿರು ಎಣಿಸಿದ ಹೆಂಗಸರು

ನಮ್ಮ ಊರುಗಳ ಹಳೆಯ ತಲೆಮಾರಿನ ಹೆಸರುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ತಿಪ್ಪಣ್ಣ, ತಿಪ್ಪವ್ವ, ತಿಪ್ಪಕ್ಕ. ಇವುಗಳಲ್ಲಿ ಹಲವು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆತನಗಳಲ್ಲಿ ಬಂದವು. ಇನ್ನು ಕೆಲವಕ್ಕೆ ಬೇರೆ ಹಿನ್ನೆಲೆ ಇದೆ. ಒಂದರ ಹಿಂದೆ ಒಂದು ಕೂಸು ತೀರಿಹೋದ ಮನೆಯಲ್ಲಿ, ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಆ ಹೆಸರು ಇಡುತ್ತಿದ್ದರು. ಬೇಡದ ಕೂಸು ಎಂದುಕೊಂಡು ಸಾವು ಅದನ್ನು ಬಿಟ್ಟುಹೋಗಲಿ ಎಂಬ ಆಸೆ.

ಸತ್ತ ಕೂಸುಗಳ ಲೆಕ್ಕ ಯಾವ ದಫ್ತರದಲ್ಲೂ ಸರಿಯಾಗಿ ಸಿಗುವುದಿಲ್ಲ. ಬದುಕಿದವರ ಹೆಸರಿನಲ್ಲಿ ಮಾತ್ರ ಅದು ಉಳಿದಿದೆ. ಆ ಲೆಕ್ಕ ಇಡಲು ಯಾರು ಶುರು ಮಾಡಿದರು, ಅದರಿಂದ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂದು ನಮ್ಮೂರ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಬಂದು ಕೂಸನ್ನು ತಕ್ಕಡಿಯಲ್ಲಿ ತೂಗುತ್ತಾರಲ್ಲ, ಅದರ ಹಿಂದಿನ ಚರಿತ್ರೆ ಇದು.

ಸಾವು ಮಾಮೂಲಾಗಿದ್ದ ಕಾಲ

1971ರಲ್ಲಿ ನಮ್ಮ ದೇಶದಲ್ಲಿ ಜೀವಂತವಾಗಿ ಹುಟ್ಟುತ್ತಿದ್ದ ಪ್ರತಿ 1000 ಕೂಸುಗಳಲ್ಲಿ 129 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಎಂಟು ತೊಟ್ಟಿಲಿಗೆ ಒಂದು ತೊಟ್ಟಿಲು ಖಾಲಿ. ಹೊಕ್ಕುಳ ಬಳ್ಳಿಯನ್ನು ಕುಡುಗೋಲಿನಲ್ಲೋ ಹಳೆಯ ಬ್ಲೇಡಿನಲ್ಲೋ ಕೊಯ್ದರೆ ಧನುರ್ವಾಯು ಬರುತ್ತಿತ್ತು. ಕೂಸು ಮೊದಲ ಎರಡು ದಿನ ಚೆನ್ನಾಗಿ ಹಾಲು ಕುಡಿದು, ಆಮೇಲೆ ದವಡೆ ಬಿಗಿದು, ಮೈ ಸೆಟೆದು ಹೋಗಿಬಿಡುತ್ತಿತ್ತು. ಜನ ಇದಕ್ಕೆ ದೃಷ್ಟಿ, ಗಾಳಿ, ಗ್ರಹ ಎನ್ನುತ್ತಿದ್ದರು. ಗರ್ಭಿಣಿಯರಿಗೆ ಚುಚ್ಚುಮದ್ದು ಬಂತು, ಹೆರಿಗೆಗೆ ಶುಚಿಯಾದ ಬ್ಲೇಡು, ದಾರ ಬಂದವು. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ಹತ್ತಿಕ್ಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ.

ಆದರೆ ಧನುರ್ವಾಯು ಒಂದೇ ಕಾರಣವಲ್ಲ. ಹುಟ್ಟಿದಾಗ ಅಳದ ಕೂಸು, ತೂಕ ಕಡಿಮೆಯಿರುವ ಕೂಸು, ತಣ್ಣಗಾಗುವ ಕೂಸು, ನಂಜೇರಿದ ಕೂಸು. ಇವು ಆಸ್ಪತ್ರೆಗೆ ಬರುತ್ತಲೇ ಇರಲಿಲ್ಲ. ಬಾಣಂತಿ ಮನೆಯ ಹೊರಗೆ ಕಾಲಿಡುವಂತಿಲ್ಲ, ಕೂಸಿಗೆ ಗಾಳಿ ಸೋಕಬಾರದು. ಕತ್ತಲೆಯ ಕೋಣೆಯಲ್ಲೇ ಹುಟ್ಟು, ಅಲ್ಲೇ ಸಾವು. ಕಂಡವಳು ತಾಯಿ ಒಬ್ಬಳೇ, ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ಗಡ್‌ಚಿರೋಲಿಯಲ್ಲಿ ಕೇಳಿದರು

ಕೇಳುವ ಕೆಲಸ ಶುರುವಾದದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯಲ್ಲಿ. ರಾಜ್ಯದ ಪೂರ್ವದ ಅಂಚಿನಲ್ಲಿರುವ ಈ ಜಿಲ್ಲೆ ತುಂಬಾ ಕಾಡು, ಭತ್ತದ ಗದ್ದೆ, ಗೊಂಡ ಬುಡಕಟ್ಟಿನ ಹಳ್ಳಿಗಳು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಎಷ್ಟೋ ಊರಿಗೆ ದಾರಿಯೇ ಇಲ್ಲ. 1986ರಲ್ಲಿ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದು ಇಲ್ಲಿ 'ಸರ್ಚ್' ಎಂಬ ಸಂಸ್ಥೆ ಕಟ್ಟಿದರು. ಆಗ ಅವರು ಆರಿಸಿಕೊಂಡ ಹಳ್ಳಿಗಳಲ್ಲಿ 1000 ಕೂಸಿಗೆ 121 ಕೂಸುಗಳು ವರ್ಷದೊಳಗೆ ಸಾಯುತ್ತಿದ್ದವು.

ಒಂದು ಮಳೆಗಾಲದ ಸಂಜೆ ನಡೆದದ್ದನ್ನು ಅಭಯ್ ಬಂಗ್ ಹಲವು ಸಭೆಗಳಲ್ಲಿ ಹೇಳಿದ್ದಾರೆ. ಬಡ ತಾಯಿಯೊಬ್ಬಳು ಎಲುಬು ಚರ್ಮವಾಗಿದ್ದ ಕೂಸನ್ನು ಅವರ ಮನೆಗೆ ಎತ್ತಿಕೊಂಡು ಬಂದಳು. ಅವರು ನೋಡುತ್ತಿರುವಾಗಲೇ ಕೂಸಿನ ಉಸಿರು ನಿಂತಿತು. ಆಮೇಲೆ ಅವರು ಅದು ಯಾಕೆ ಸತ್ತಿತು ಎಂದು ಕೂತು ಪಟ್ಟಿ ಮಾಡಿದರು. ಬಸುರಿಯಲ್ಲಿ ತಾಯಿಗೆ ಹೊಟ್ಟೆ ತುಂಬ ಊಟವಿಲ್ಲ, ಮಲೇರಿಯಾ ಬಂದಿತ್ತು, ಗಂಡನಿಗೆ ಕುಡಿತ, ಕೂಸಿನ ತೂಕ ಕಡಿಮೆ, ಸೋಂಕು, ಮೊದಲು ಮಂತ್ರವಾದಿ, ನಡುವೆ ತುಂಬಿದ ಹೊಳೆ. ಎಣಿಸಿದರೆ 18 ಕಾರಣಗಳು.

ಹದಿನೆಂಟನ್ನೂ ಸರಿಪಡಿಸಲು ಒಂದು ಜನ್ಮ ಸಾಲದು. ಬಡತನ ಹೋಗಲಿ, ರಸ್ತೆಯಾಗಲಿ, ಸೇತುವೆಯಾಗಲಿ ಎಂದು ಕಾದರೆ ಇನ್ನೆಷ್ಟು ಕೂಸುಗಳು ಹೋಗಬೇಕು? ಆದರೆ ಇದು ಸರಪಳಿ. ಒಂದೆರಡು ಕೊಂಡಿ ಕಡಿದರೂ ಸರಪಳಿ ತುಂಡಾಗುತ್ತದೆ ಎಂಬುದು ಅವರಿಗೆ ಹೊಳೆದದ್ದು.

ಹತ್ತು ಉಸಿರಿಗೆ ಒಂದು ಮಣಿ

ಮೊದಲು ಹಿಡಿದ ಕೊಂಡಿ ನ್ಯುಮೋನಿಯಾ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡಿದರೆ ಅಪಾಯ. ಆದರೆ ಊರಿನ ಸೂಲಗಿತ್ತಿಯರಿಗೆ ಅಷ್ಟು ದೂರ ಎಣಿಸಲು ಬರುತ್ತಿರಲಿಲ್ಲ, ಗಡಿಯಾರ ಓದಲೂ ಬರುತ್ತಿರಲಿಲ್ಲ. ಅವರಿಗಾಗಿ ಒಂದು ಸಣ್ಣ ಸಾಧನ ಮಾಡಿದರು. ಒಂದು ನಿಮಿಷಕ್ಕೆ ಸುರಿದು ಮುಗಿಯುವ ಮರಳಿನ ಗಡಿಯಾರ, ಪಕ್ಕದಲ್ಲಿ ಮಣಿಗಳ ಸಾಲು. ಹತ್ತು ಉಸಿರು ಎಣಿಸಿ ಒಂದು ಮಣಿ ಸರಿಸುವುದು. ಮರಳು ಮುಗಿಯುವ ಮೊದಲೇ ಕೊನೆಯ ಮಣಿಗೆ ಬಂದರೆ ಔಷಧಿ ಶುರು ಮಾಡಬೇಕು. ಅಕ್ಷರ ಬಾರದ ಅಜ್ಜಿಯ ಕೈಗೂ ಈ ವಿದ್ಯೆ ಹತ್ತಿತು. ಊರಿನವರೇ ಹೀಗೆ ಔಷಧಿ ಕೊಟ್ಟ ಹಳ್ಳಿಗಳಲ್ಲಿ ಮಕ್ಕಳ ನ್ಯುಮೋನಿಯಾ ಸಾವು, ಹಾಗೆ ಮಾಡದ ಹಳ್ಳಿಗಳಿಗೆ ಹೋಲಿಸಿದರೆ, ಅರ್ಧಕ್ಕಿಂತ ಕೆಳಗಿತ್ತು. 1990ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಅದನ್ನು ಪ್ರಕಟಿಸಿತು.

ಆದರೂ ಹುಟ್ಟಿದ ಮೊದಲ ತಿಂಗಳಿನ ಸಾವು ಉಳಿದೇ ಇತ್ತು. 1995ರಲ್ಲಿ 39 ಹಳ್ಳಿಗಳಲ್ಲಿ ಹೊಸ ಕೆಲಸ ಶುರುವಾಯಿತು. 5ರಿಂದ 10ನೇ ಇಯತ್ತೆವರೆಗೆ ಓದಿದ ಅದೇ ಊರಿನ ಹೆಂಗಸರಿಗೆ ತರಬೇತಿ ಕೊಟ್ಟು, ಅವರನ್ನು ಆರೋಗ್ಯದೂತರು ಎಂದು ಕರೆದರು. ಮೊದಲ ವರ್ಷ ಅವರ ಮುಖ್ಯ ಕೆಲಸ ನೋಡುವುದು, ತೂಗುವುದು, ಬರೆದಿಡುವುದು. ಹೆರಿಗೆಯ ಹೊತ್ತಿಗೇ ಹೋಗಿ, 28 ದಿನ ಆ ಮನೆಗೆ ಮತ್ತೆ ಮತ್ತೆ ಹೋಗುತ್ತಿದ್ದರು.

ಅವರು ಬರೆದಿಟ್ಟದ್ದು ದೊಡ್ಡ ವೈದ್ಯರನ್ನೂ ಬೆಚ್ಚಿಬೀಳಿಸುವಂತಿತ್ತು. ನೋಡಿದ್ದು 763 ಕೂಸುಗಳು, ಸತ್ತದ್ದು 40. ಅರ್ಧಕ್ಕಿಂತ ಹೆಚ್ಚು ಕೂಸುಗಳಿಗೆ ಚಿಕಿತ್ಸೆ ಬೇಕಾಗಿತ್ತು. ವೈದ್ಯರ ಮುಖ ಕಂಡದ್ದು 100ಕ್ಕೆ ಮೂರೂ ಅಲ್ಲ.

ತಾಯಿಯ ಮಾತೇ ಸಾಕ್ಷಿ

ನಂಜೇರಿದ್ದನ್ನು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಿಂದ ಹಿಡಿಯುತ್ತಾರೆ. ಗುಡಿಸಲಿನಲ್ಲಿ ಹೇಗೆ? ಬರೆದಿಟ್ಟ ಪುಸ್ತಕಗಳಿಂದ ಸರ್ಚ್ ಕೆಲವೇ ಲಕ್ಷಣಗಳನ್ನು ಆರಿಸಿತು. ಮೊದಲು ಚೆನ್ನಾಗಿ ಅಳುತ್ತಿದ್ದ ಕೂಸಿನ ಅಳು ಕುಗ್ಗಿದೆಯೇ? ಚೀಪುವುದು ಕಡಿಮೆಯಾಗಿದೆಯೇ? ಮಂಕಾಗಿದೆಯೇ? ಮೈ ತಣ್ಣಗಿದೆಯೇ? ಹೊಕ್ಕುಳಲ್ಲಿ ಕೀವು ಇದೆಯೇ? ಹೊಟ್ಟೆ ಉಬ್ಬಿದೆಯೇ? ಎದೆಯ ಕೆಳಗೆ ಗುಳಿ ಬೀಳುತ್ತಿದೆಯೇ? ಇಂಥವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ನಂಜು ಎಂದೇ ತಿಳಿಯಬೇಕು.

ಈ ಪ್ರಶ್ನೆಗಳನ್ನು ಮತ್ತೊಮ್ಮೆ ಓದಿ. ನಿನ್ನೆಯ ಅಳುವಿಗೂ ಇವತ್ತಿನ ಅಳುವಿಗೂ ವ್ಯತ್ಯಾಸ ಗೊತ್ತಾಗುವುದು ಯಾರಿಗೆ? ಚೀಪುವ ಬಲ ಕಡಿಮೆಯಾದದ್ದು ತಿಳಿಯುವುದು ಯಾರಿಗೆ? ತಾಯಿಗೆ. 'ಯಾಕೋ ಕೂಸು ನಿನ್ನೆಯಂಗಿಲ್ಲ' ಎಂದು ಅವಳು ಮೊದಲೂ ಹೇಳುತ್ತಿದ್ದಳು, 'ನಿನಗೇನು ಗೊತ್ತು, ಸುಮ್ಮನಿರು' ಎನ್ನುವ ಉತ್ತರ ಬರುತ್ತಿತ್ತು. ಅದೇ ಮಾತು ಇಲ್ಲಿ ರೋಗ ಹಿಡಿಯುವ ಸಾಕ್ಷಿಯಾಯಿತು.

ಎರಡನೇ ವರ್ಷದಿಂದ ಆರೋಗ್ಯದೂತರು ಚಿಕಿತ್ಸೆಗೂ ಇಳಿದರು. ಅಳದ ಕೂಸಿಗೆ ಉಸಿರು ತುಂಬುವುದು, ತೂಕ ಕಡಿಮೆಯಿದ್ದ ಕೂಸನ್ನು ಬಟ್ಟೆಯ ಬೆಚ್ಚನೆಯ ಚೀಲದಲ್ಲಿ ಇಡುವುದು, ಹಾಲೂಡಲು ತಾಯಿಗೆ ನೆರವಾಗುವುದು. ನಂಜು ಕಂಡರೆ ಮನೆಯವರ ಒಪ್ಪಿಗೆ ಪಡೆದು ಬಾಯಿಗೆ ಔಷಧಿ, ತೊಡೆಗೆ ಜೆಂಟಾಮೈಸಿನ್ ಇಂಜೆಕ್ಷನ್. ಹಳ್ಳಿಯ ಹೆಂಗಸು ಹಸುಗೂಸಿಗೆ ಸೂಜಿ ಚುಚ್ಚುವುದೇ ಎಂದು ಹುಬ್ಬೇರಿಸಿದವರು ಕಡಿಮೆಯೇನಲ್ಲ. ಫಲ ಅಂಕಿಯಲ್ಲಿದೆ. ಮೊದಲು ನಂಜೇರಿದ 100 ಕೂಸುಗಳಲ್ಲಿ ಸುಮಾರು 17 ಸಾಯುತ್ತಿದ್ದವು. ಚಿಕಿತ್ಸೆ ಬಂದ ಮೇಲೆ ಅದು 3ಕ್ಕೆ ಇಳಿಯಿತು. ಆ 39 ಹಳ್ಳಿಗಳಲ್ಲಿ ಮೊದಲ ತಿಂಗಳ ಸಾವು 1000ಕ್ಕೆ 62 ಇದ್ದದ್ದು ಮೂರೇ ವರ್ಷದಲ್ಲಿ ಸುಮಾರು 25ಕ್ಕೆ ಬಂತು. ಹೋಲಿಕೆಗೆ ಇಟ್ಟುಕೊಂಡಿದ್ದ 47 ಹಳ್ಳಿಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. 1999ರ ಡಿಸೆಂಬರಿನಲ್ಲಿ ಇದೂ ಲ್ಯಾನ್ಸೆಟ್‌ನಲ್ಲಿ ಬಂತು.

ಯಂತ್ರವಿಲ್ಲದ ಕಡೆ ತಾಯಿಯನ್ನೇ ನಂಬಿದ ಇನ್ನೊಂದು ಕಥೆ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ್ದು. 1978ರಲ್ಲಿ ಅಲ್ಲಿನ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ, ವೈದ್ಯರು ತಿಂಗಳು ತುಂಬದ ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿದರು. ಅದೇ ಕಾಂಗರೂ ಆರೈಕೆ. ಕೆಲವು ವರ್ಷಗಳ ಹಿಂದೆ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದರಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ತಾಯಂದಿರೂ ಇದನ್ನು ಮಾಡಿ ತೋರಿಸಿದರು.

ನಮ್ಮ ಬಾಗಿಲಿಗೆ ಬಂದದ್ದು

2011ರಲ್ಲಿ ಕೇಂದ್ರ ಸರ್ಕಾರ ಗಡ್‌ಚಿರೋಲಿಯ ಪಾಠವನ್ನು ದೇಶಕ್ಕೆಲ್ಲ ತಂದಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಮನೆಯಲ್ಲಿ ಹೆರಿಗೆಯಾದರೆ ಮೊದಲ ದಿನವೂ ಸೇರಿ ಏಳು ಭೇಟಿ. ಇದಕ್ಕೆಲ್ಲ ಆಕೆಗೆ ನಿಗದಿಯಾದ ಪ್ರೋತ್ಸಾಹಧನ ಒಟ್ಟು 250 ರೂಪಾಯಿ. ಆರು ಸಲ ಬಿಸಿಲಲ್ಲಿ ನಡೆಯುವ ಹೆಂಗಸಿಗೆ ಅದು ಎಷ್ಟು ಸಾಲುತ್ತದೆ ಎಂದು ಓದುಗರೇ ಲೆಕ್ಕ ಹಾಕಿ.

2020ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶಿಶು ಮರಣ 1000ಕ್ಕೆ 28, ಕರ್ನಾಟಕದಲ್ಲಿ 19. ರಸ್ತೆ, 108 ಆಂಬುಲೆನ್ಸ್, ಲಸಿಕೆ, ಆಸ್ಪತ್ರೆ ಹೆರಿಗೆ, ಹೆಣ್ಣುಮಕ್ಕಳ ಓದು ಎಲ್ಲವೂ ಸೇರಿ ಆದದ್ದಿದು. ಆದರೆ ದೇಶದ ಆ 28ರಲ್ಲಿ 20 ಕೂಸುಗಳು ಹೋಗುವುದು ಮೊದಲ ತಿಂಗಳಲ್ಲೇ. ಅಂದರೆ ಆಸ್ಪತ್ರೆಯಲ್ಲಿ ಹೆತ್ತು ಎರಡು ಮೂರು ದಿನಕ್ಕೆ ಮನೆಗೆ ಬಂದ ಮೇಲೂ ಅಪಾಯ ಮುಗಿದಿರುವುದಿಲ್ಲ.

ಹಾಗಾಗಿ ಮೂರನೇ ದಿನದ ಭೇಟಿ ಯಾರೋ ಮಾಡುವ ಉಪಕಾರವಲ್ಲ. ಬಾರದಿದ್ದರೆ ಕೇಳಿ ಕರೆಸಿಕೊಳ್ಳಿ. ಬಂದರೆ ಅಂಗಳದಲ್ಲೇ ಮಾತಾಡಿಸಿ ಕಳಿಸಬೇಡಿ, ಒಳಗೆ ಕರೆದು ಕೂಸನ್ನು ತೋರಿಸಿ. ಅಳು ಕುಗ್ಗಿದರೆ, ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ ಬೆಳಗಾಗಲಿ ಎಂದು ಕಾಯಬೇಡಿ. ಬಾಣಂತಿ 'ಕೂಸು ನಿನ್ನೆಯಂಗಿಲ್ಲ' ಅಂದರೆ ಅತ್ತೆಯಂದಿರು, ಗಂಡಂದಿರು ಮೊದಲು ಆ ಮಾತು ನಂಬಿ.

ಕೂಸು ಹೋದ ಮನೆಯ ಬಗ್ಗೆಯೂ ಒಂದು ಮಾತು. ಸತ್ತು ಹುಟ್ಟಿದ ಕೂಸನ್ನೂ, ಹುಟ್ಟಿ ಒಂದೇ ತಾಸು ಬದುಕಿದ ಕೂಸನ್ನೂ ನೋಂದಾಯಿಸಬೇಕು ಎನ್ನುತ್ತದೆ 1969ರ ಜನನ ಮರಣ ನೋಂದಣಿ ಕಾಯ್ದೆ. 21 ದಿನದೊಳಗೆ ಬರೆಸಿ. ಲೆಕ್ಕಕ್ಕೆ ಬಾರದ ಸಾವಿಗೆ ಯಾವ ಸರ್ಕಾರವೂ ಕಾರಣ ಹುಡುಕುವುದಿಲ್ಲ.

ತಾಯಿಗೆ ಮಾತ್ರ ಆ ಲೆಕ್ಕ ತಾನಾಗಿಯೇ ನೆನಪಿರುತ್ತದೆ. ಕೂಸು ಮಣ್ಣಾದ ಮೇಲೂ ಎದೆಯಲ್ಲಿ ಹಾಲು ಕಟ್ಟುತ್ತದೆ, ಜ್ವರ ಬರುತ್ತದೆ. ಅವಳೂ ಬಾಣಂತಿಯೇ, ಅವಳಿಗೂ ಊಟ, ವಿಶ್ರಾಂತಿ, ಔಷಧಿ ಬೇಕು. 'ಹೋಗ್ಲಿ ಬಿಡು, ಇನ್ನೊಂದಾಗ್ತದ' ಎಂದು ಎದ್ದುಬರುವ ಬದಲು ಸ್ವಲ್ಪ ಹೊತ್ತು ಅವಳ ಪಕ್ಕ ಕೂತು, ಏನಾಯಿತವ್ವಾ ಎಂದು ಕೇಳಬಹುದು. ಗಡ್‌ಚಿರೋಲಿಯಲ್ಲಿ ಎಲ್ಲ ಶುರುವಾದದ್ದೂ ಹಾಗೆ ಕೇಳಿದ್ದರಿಂದಲೇ.