ರಾಯಚೂರು ಕೋಟೆಯ ಕಲ್ಲುಗಳು

(ಆಕಾಶವಾಣಿ ಭಾಷಣ)

ಕೃಷ್ಣೆ ತುಂಗಭದ್ರೆಯರ ನಡುವಣ ನಾಡನ್ನು ನಮ್ಮ ಶಾಸನಗಳು ‘ಎಡೆದೊರೆ ಎರಡು ಸಾಸಿರ’ ಎಂದು ಕರೆದಿವೆ. ಎಡೆ ಎಂದರೆ ನಡುವು, ತೊರೆ ಎಂದರೆ ಹೊಳೆ. ಎರೆಮಣ್ಣಿನ ಈ ನೆಲ ಉತ್ತರದ ಅರಸರಿಗೂ ಬೇಕಾಗಿತ್ತು, ದಕ್ಷಿಣದ ಅರಸರಿಗೂ ಬೇಕಾಗಿತ್ತು. ಅದರ ಬೀಗದ ಕೈಯಂತಿದ್ದುದು ರಾಯಚೂರಿನ ಕೋಟೆ.

ಕೋಟೆಯ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ದಂಡನಾಯಕ ವಿಠಲನಾಥನು ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ 1294ರ ಶಾಸನ ಹೇಳುತ್ತದೆ. ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ, ಕೋಣಗಳನ್ನು ಹೂಡಿ, ಜನರು ಎಳೆತಂದ ದೃಶ್ಯವನ್ನೂ ಅಲ್ಲಿಯ ಗೋಡೆಯಲ್ಲಿ ಕೆತ್ತಿದ್ದಾರೆ. ದಂಡನಾಯಕನ ಹೆಸರು ಶಾಸನದಲ್ಲಿದೆ. ಬಂಡೆ ಎಳೆದವರಿಗೆ ಹೆಸರಿಲ್ಲ, ಚಿತ್ರ ಮಾತ್ರ ಇದೆ.

ಕೋಟೆ ಕಟ್ಟಿ ಇಪ್ಪತ್ತು ವರ್ಷ ತುಂಬುವ ಮೊದಲೇ ದಿಲ್ಲಿಯ ಸೇನೆ ಇಲ್ಲಿಗೆ ಬಂತು. 1336ರಲ್ಲಿ ವಿಜಯನಗರವೂ 1347ರಲ್ಲಿ ಬಹಮನಿ ರಾಜ್ಯವೂ ಸ್ಥಾಪನೆಯಾದ ಮೇಲೆ ಎಡೆದೊರೆಗೆ ನೆಮ್ಮದಿಯೇ ಇಲ್ಲವಾಯಿತು. ಬಹಮನಿ ರಾಜ್ಯ ಒಡೆದಾಗ ಆ ಜಗಳವು ಬಿಜಾಪುರದ ಆದಿಲಶಾಹಿಗಳಿಗೆ ಪಿತ್ರಾರ್ಜಿತವಾಗಿ ಬಂತು.

ಈ ಮುತ್ತಿಗೆಗಳಲ್ಲಿ ಪ್ರಸಿದ್ಧವಾದುದು 1520ರದು. ಅನೇಕ ವರ್ಷ ನಾನು ಅದನ್ನು ಕೃಷ್ಣದೇವರಾಯನ ದಿಗ್ವಿಜಯವೆಂದೇ ತರಗತಿಯಲ್ಲಿ ವರ್ಣಿಸುತ್ತಿದ್ದೆ. ಒಮ್ಮೆ ಆ ಸೀಮೆಯ ವಿದ್ಯಾರ್ಥಿಯೊಬ್ಬ ಎದ್ದುನಿಂತು, ‘ಕೋಟೆಯ ಒಳಗಿದ್ದವರು ಯಾರು ಸಾರ್?’ ಎಂದು ಕೇಳಿದ. ಆದಿಲಶಾಹಿಯ ಸೈನಿಕರು ಎಂದೆ. ‘ಊರಿನವರು?’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಜೆ ನೂನಿಜನ ವೃತ್ತಾಂತವನ್ನು ಮತ್ತೆ ತೆರೆದೆ.

ಪೋರ್ಚುಗೀಸಿನವನಾದ ನೂನಿಜನು ವಿಜಯನಗರದಲ್ಲಿದ್ದು ಹೋದವನು. ಅವನು ಹೇಳುವ ಸೈನ್ಯದ ಲೆಕ್ಕ ಲಕ್ಷಗಟ್ಟಲೆ. ಅದನ್ನು ಹಾಗೆಯೇ ನಂಬಬೇಕಾಗಿಲ್ಲ. ಆದರೆ ಸಣ್ಣ ಸಂಗತಿಗಳಲ್ಲಿ ಅವನ ಕಣ್ಣು ಚುರುಕು. ಕೋಟೆಯ ಒಂದು ಬುರುಜಿನಲ್ಲಿ ಆಡಿದ ಮಾತು ಮತ್ತೊಂದಕ್ಕೆ ಕೇಳಿಸುವಷ್ಟು ಬುರುಜುಗಳು ಹತ್ತಿರ ಹತ್ತಿರವಿದ್ದವಂತೆ. ಅವುಗಳ ನಡುವೆ ಇನ್ನೂರು ದೊಡ್ಡ ತೋಪುಗಳು. ಹೊರಗಿನ ಸೈನಿಕರು ಗುದ್ದಲಿ ಹಾರೆಗಳಿಂದ ಗೋಡೆಯ ಬುಡವನ್ನು ಕೀಳುತ್ತಿದ್ದರು. ಕಿತ್ತು ತಂದ ಕಲ್ಲಿಗೆ ಅದರ ಗಾತ್ರ ನೋಡಿ ದಳಪತಿಗಳು ಹತ್ತರಿಂದ ಐವತ್ತು ಹಣದವರೆಗೆ ಕೊಡುತ್ತಿದ್ದರು. ಆ ಕೆಲಸದಲ್ಲಿ ಸತ್ತವನ ಹೆಣವನ್ನು ಎಳೆದು ತಂದವನಿಗೆ ಹತ್ತು ಹನ್ನೆರಡು ಹಣ. ಶ್ರೋತೃಗಳೇ, ದೊಡ್ಡ ಕಲ್ಲಿನ ಬೆಲೆ ಹೆಣದ ಬೆಲೆಗಿಂತ ನಾಲ್ಕು ಪಟ್ಟು ಹೆಚ್ಚಾಗಿತ್ತು!

ಮೇ ತಿಂಗಳಲ್ಲಿ ಇಸ್ಮಾಯಿಲ್ ಆದಿಲಶಾಹನು ಕೃಷ್ಣೆಯನ್ನು ದಾಟಿ ಬಂದು ಸೋತನು. ಹಿಂದಿರುಗುವಾಗ ಅವನ ಕಡೆಯ ಅನೇಕರನ್ನು ಹೊಳೆಯೇ ನುಂಗಿತು. ಕೋಟೆ ಆಗಲೂ ಮಣಿಯಲಿಲ್ಲ. ಕ್ರಿಸ್ತೊವಾವ್ ದ ಫಿಗೈರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು ಗೋಡೆಯ ಮೇಲೆ ತಲೆ ಎತ್ತಿದವರನ್ನು ಹೊಡೆಯತೊಡಗಿದರು. ಕೆಳಗೇನಾಗುತ್ತಿದೆಯೆಂದು ಬಗ್ಗಿ ನೋಡಿದ ಕೋಟೆಯ ಅಧಿಪತಿ ಗುಂಡು ತಗಲಿ ಸತ್ತನು. ಅನಂತರ ಬಾಗಿಲು ತೆರೆಯಿತು.

ಇಷ್ಟು ಬೆಲೆಗೆ ಕೊಂಡ ವಿಜಯ ಎಷ್ಟು ದಿನ ಉಳಿಯಿತು? ರಾಯನು ತೀರಿಕೊಂಡ ಮರುವರ್ಷ, 1530ರಲ್ಲಿ, ರಾಯಚೂರು ಮತ್ತೆ ಬಿಜಾಪುರದ ಕೈಸೇರಿತು. 1565ರಲ್ಲಿ ವಿಜಯನಗರವೇ ಮುರಿದುಬಿತ್ತು. 1686ರಲ್ಲಿ ಬಿಜಾಪುರವೂ ಔರಂಗಜೇಬನ ವಶವಾಯಿತು. ಮುಂದೆ ನಿಜಾಮರ ಆಳ್ವಿಕೆ, 1853ರಿಂದ ಕೆಲವು ವರ್ಷ ಇಂಗ್ಲಿಷರ ಆಡಳಿತ, ಮತ್ತೆ ನಿಜಾಮರು. 1956ರಲ್ಲಿ ಈ ನಾಡು ಕನ್ನಡ ರಾಜ್ಯದೊಳಗೆ ಬಂದು ಸೇರಿತು. ಮುತ್ತಿಗೆ ಹಾಕಿದವರು ಯಾರೂ ಉಳಿಯಲಿಲ್ಲ, ಊರು ಉಳಿಯಿತು.

ಕೃಷ್ಣದೇವರಾಯನ ಹಿರಿಮೆಯಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ ಆ ಹುಡುಗನ ಪ್ರಶ್ನೆಗೆ ಅದು ಉತ್ತರವಲ್ಲ. ಬಂಡೆ ಎಳೆದು ತಂದವರು, ಅದನ್ನು ಕಿತ್ತವರು, ಅದರ ಹಿಂದೆ ಅಡಗಿ ಉಸಿರು ಹಿಡಿದವರು, ಈ ಮೂವರನ್ನೂ ಎಣಿಕೆಗೆ ತಾರದೆ ಬರೆದ ಕೋಟೆಯ ಚರಿತ್ರೆ ಅರ್ಧ ಚರಿತ್ರೆ. ನಿವೃತ್ತನಾದ ಮೇಲೆ ರಾಯಚೂರಿಗೆ ಹೋದಾಗ ನಾನು ಮೊದಲು ನೋಡಿದ್ದು ಆ ಬಂಡಿಯ ಚಿತ್ರವನ್ನು. ಕೋಣಗಳೂ ಜನರೂ ಇನ್ನೂ ಎಳೆಯುತ್ತಲೇ ಇದ್ದಾರೆ.