ನೆರೆಯವನ ಸಾಲಕ್ಕೆ ತಾನೂ ಹೊಣೆ

ಸಾಲವೆಂಬುದು ಕೊಟ್ಟವನಿಗೂ ಕೊಂಡವನಿಗೂ ಸಂಬಂಧಪಟ್ಟ ವ್ಯವಹಾರವೆಂಬುದು ಲೋಕದ ರೂಢಿ. ಮೂರನೆಯವನು ನಡುವೆ ಬಂದರೆ ಅವನು ಸಾಕ್ಷಿಯಾಗಿ ಇಲ್ಲವೆ ಜಾಮೀನುದಾರನಾಗಿ ಬರುತ್ತಾನೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಜರ್ಮನಿಯ ಕೆಲವು ಬಡಹಳ್ಳಿಗಳಲ್ಲಿ ಈ ರೂಢಿಯನ್ನು ಮೀರಿದ ಒಂದು ಪದ್ಧತಿ ಹುಟ್ಟಿತು. ಊರಿನ ರೈತರು ಕೂಡಿ ಒಂದು ಸಂಘವನ್ನು ಕಟ್ಟುವರು. ಸಂಘವು ಹೊರಗಿನಿಂದ ಹಣ ತಂದು ಸದಸ್ಯರಿಗೆ ಸಾಲ ಕೊಡುವುದು. ಆ ಹಣ ಮರಳದೆ ಹೋದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಹೊಲ, ಮನೆ, ದನಕರುಗಳ ಸಮೇತ ಅದಕ್ಕೆ ಹೊಣೆಯಾಗಬೇಕು. ಕಾನೂನಿನ ಭಾಷೆಯಲ್ಲಿ ಇದಕ್ಕೆ ಅಪರಿಮಿತ ಹೊಣೆಗಾರಿಕೆ ಎಂದು ಹೆಸರು. ಮೇಲ್ನೋಟಕ್ಕೆ ಭಯಂಕರವಾದ ಈ ಕರಾರಿಗೆ ಬುದ್ಧಿವಂತನಾದ ರೈತನು ಸಹಿ ಹಾಕಲಾರನೆಂದೇ ಯಾರಿಗಾದರೂ ತೋರುವುದು ಸಹಜ. ಆದರೆ ಸಾವಿರಾರು ಹಳ್ಳಿಗಳ ರೈತರು ಸಹಿ ಹಾಕಿದರು. 1905ರಲ್ಲಿ ಧಾರವಾಡ ಸೀಮೆಯ ಎರೆಭೂಮಿಯ ಹಳ್ಳಿಯೊಂದರವರೂ ಹಾಕಿದರು.

ಈ ಪದ್ಧತಿಯ ಮೂಲಪುರುಷನು ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್. 1818ರಲ್ಲಿ ಹುಟ್ಟಿದ ಈತನು ಮೊದಲು ಸೈನ್ಯದಲ್ಲಿದ್ದು, ಕಣ್ಣಿನ ಬೇನೆಯಿಂದ ಅದನ್ನು ಬಿಡಬೇಕಾಗಿ ಬಂದು, 1845ರಲ್ಲಿ ವೆಸ್ಟರ್‌ವಾಲ್ಡ್ ಎಂಬ ಗುಡ್ಡಗಾಡಿನ ವೈಯರ್‌ಬುಶ್ ಎಂಬಲ್ಲಿ ಪುರಾಧ್ಯಕ್ಷನಾದನು. ಮರುವರ್ಷವೇ ಕ್ಷಾಮ ಬಂದಿತು. ಸರ್ಕಾರದಿಂದ ಹಿಟ್ಟು ಬಂದರೂ ಅದನ್ನು ನಗದು ಹಣಕ್ಕೆ ಮಾತ್ರ ಕೊಡತಕ್ಕದ್ದೆಂಬ ಆಜ್ಞೆಯಿತ್ತು. ಹಸಿದವರಲ್ಲಿ ನಗದೆಲ್ಲಿ? ರೈಫೈಸನ್ ಆಜ್ಞೆಯನ್ನು ಬದಿಗಿಟ್ಟು ಹಿಟ್ಟನ್ನು ಕಡವಾಗಿ ಹಂಚಿದನು. ಉಳ್ಳವರಿಂದ ಹಣ ಕೂಡಿಸಿ, ಊರಿಗೊಂದು ಒಲೆ ಕಟ್ಟಿಸಿ, ಪೇಟೆಗಿಂತ ಬಹಳ ಅಗ್ಗವಾಗಿ ರೊಟ್ಟಿ ದೊರೆಯುವಂತೆ ಮಾಡಿದನು.

1849ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿ ಆತನು ಕಟ್ಟಿದ ಸಂಘದಲ್ಲಿ ಸುಮಾರು 60 ಮಂದಿ ಅನುಕೂಲಸ್ಥರು ಹೊಣೆ ನಿಂತರು. ಸಂಘವು ಬಡ ರೈತರಿಗೆ ದನಗಳನ್ನು ಕೊಡಿಸುವುದು, ರೈತರು ಕಂತುಗಳಲ್ಲಿ ತೀರಿಸುವುದು ಎಂಬ ಏರ್ಪಾಡು. 1854ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ಇನ್ನೊಂದು ಸಂಘವಾಯಿತು. ಇದರ ಉದ್ದೇಶಗಳ ಪಟ್ಟಿ ಬಲು ಉದಾರವಾದುದು: ಅನಾಥ ಮಕ್ಕಳ ಪೋಷಣೆ, ಸೆರೆಯಿಂದ ಬಿಡುಗಡೆಯಾದವರಿಗೆ ಕೆಲಸ, ಗ್ರಂಥಭಂಡಾರ, ರೈತರಿಗೆ ಸಾಲ. ಕಾಲಕ್ರಮದಲ್ಲಿ ಸಾಲವೊಂದು ಉಳಿದು ಮಿಕ್ಕುವೆಲ್ಲ ಸೊರಗಿದವು. ಈ ಎಲ್ಲ ಪ್ರಯತ್ನಗಳಲ್ಲಿ ಒಂದು ಸಮಾನ ದೋಷವಿದ್ದಿತು. ಹೊಣೆ ಹೊತ್ತವರು ಬೇರೆ, ಸಾಲ ಪಡೆದವರು ಬೇರೆ. ಕ್ಷಾಮದ ನೆನಪು ಹಸಿಯಾಗಿರುವವರೆಗೆ ಶ್ರೀಮಂತರ ಕರುಣೆ ಹರಿಯಿತು. ನೆನಪು ಮಾಸಿದಂತೆ ಅವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಸಾಲ ಪಡೆದವನಿಗಾದರೋ ಅದು ತನ್ನ ಸಂಘವೆಂಬ ಭಾವನೆಯೇ ಬರಲಿಲ್ಲ. ದಾನವೆಂದು ತಿಳಿದ ಹಣವನ್ನು ತೀರಿಸುವ ಆತುರ ಯಾರಿಗಿದ್ದೀತು?

ಹದಿನೈದು ವರ್ಷಗಳ ಅನುಭವದ ಅನಂತರ, 1864ರಲ್ಲಿ, ರೈಫೈಸನ್ ಹೆಡ್ಡೆಸ್‌ಡಾರ್ಫಿನ ಸಂಘವನ್ನು ಹೊಸದಾಗಿ ಕಟ್ಟಿದನು. ಸಾಲ ಬೇಕಾದವನು ಸದಸ್ಯನಾಗಲೇಬೇಕು. ಸದಸ್ಯನಾದವನು ಹೊಣೆ ಹೊರಲೇಬೇಕು. ಹೊರಗಿನ ದಾತನು ಹೋಗಿ ಆತನ ಸ್ಥಾನಕ್ಕೆ ಊರೇ ಬಂದಿತು. ಮನಸ್ಸಿನಿಂದ ಕ್ರೈಸ್ತ ಧರ್ಮಶ್ರದ್ಧೆಯವನಾದ ರೈಫೈಸನ್‌ಗೆ ಇದು ಸುಲಭದ ನಿರ್ಧಾರವಾಗಿರಲಿಲ್ಲ. ಉಳ್ಳವರ ಕರ್ತವ್ಯದಲ್ಲಿ ಆತನು ಕೊನೆಯವರೆಗೂ ನಂಬಿಕೆಯಿಟ್ಟಿದ್ದನು. ಅನುಭವವು ಆತನನ್ನು ಇಲ್ಲಿಗೆ ತಂದಿತೆನ್ನಬೇಕು.

ಈ ಹೊಣೆಯು ಹೇಗೆ ಕೆಲಸ ಮಾಡಿತೆಂಬುದು ವಿಚಾರಾರ್ಹ. ಪಟ್ಟಣದ ಬ್ಯಾಂಕಿಗೆ ಹಳ್ಳಿಯ ರೈತನ ವಿಷಯದಲ್ಲಿ ತಿಳಿದಿರುವುದು ಅವನ ಜಮೀನಿನ ಪತ್ರವಷ್ಟೇ. ಅವನು ದುಡಿಮೆಗಾರನೋ ಸೋಮಾರಿಯೋ, ಎತ್ತಿಗೆಂದು ತಂದ ಹಣವನ್ನು ಎತ್ತಿಗೇ ಹಾಕುವನೋ ಮದುವೆಗೆ ಸುರಿಯುವನೋ ಎಂಬುದು ಬ್ಯಾಂಕಿಗೆ ತಿಳಿಯದು; ಪಕ್ಕದ ಹೊಲದವನಿಗೆ ಬದುವಿನ ಮೇಲೆ ನಿಂತರೇ ತಿಳಿಯುತ್ತದೆ. ಆದರೆ ತಿಳಿದವನು ಏಕೆ ಬಾಯಿಬಿಡಬೇಕು? ನಷ್ಟ ತನ್ನದಲ್ಲದಿರುವಾಗ ನೆರೆಯವನ ವಿರೋಧ ಕಟ್ಟಿಕೊಳ್ಳುವುದಕ್ಕಿಂತ ಸುಮ್ಮನಿರುವುದೇ ಲೇಸು. ಅಪರಿಮಿತ ಹೊಣೆಯು ಈ ಮೌನವನ್ನು ಮುರಿಯಿತು. ಯಾರನ್ನು ಸೇರಿಸಿಕೊಳ್ಳಬೇಕು, ಸಾಲ ಯಾವ ಕೆಲಸಕ್ಕೆ, ತೀರಿಸಲು ಬೆಳೆ ಸಾಲುವುದೇ ಎಂಬ ಪ್ರಶ್ನೆಗಳನ್ನು ಸದಸ್ಯರು ತಾವಾಗಿಯೇ ಕೇಳತೊಡಗಿದರು. ಆದುದರಿಂದಲೇ ರೈಫೈಸನ್ ಸಂಘದ ಮೇರೆಯನ್ನು ಒಂದು ಊರಿಗೆ, ಹೆಚ್ಚೆಂದರೆ ಒಂದು ಇಗರ್ಜಿಯ ವ್ಯಾಪ್ತಿಗೆ ಸೀಮಿತಗೊಳಿಸಿದನು. ಒಬ್ಬರನ್ನೊಬ್ಬರು ಅರಿಯದ ಕಡೆ ಈ ಹೊಣೆಗೆ ಅರ್ಥವಿಲ್ಲ. ಆಡಳಿತ ನಡೆಸುವವರಿಗೆ ಸಂಬಳವಿಲ್ಲ, ಲೆಕ್ಕ ಬರೆಯುವವನಿಗೆ ಮಾತ್ರ ಅಲ್ಪ ಪ್ರತಿಫಲ. ಲಾಭವನ್ನು ಹಂಚಿಕೊಳ್ಳದೆ ಮೀಸಲು ನಿಧಿಗೆ ಸೇರಿಸುವುದು. ಹೆಚ್ಚು ಲಾಭದ ಆಸೆಗೆ ಯಾರೂ ಹಣವನ್ನು ಅಪಾಯಕ್ಕೆ ಒಡ್ಡದಿರಲೆಂಬುದು ಇದರ ಮರ್ಮ.

ಕಾವಲಿನಷ್ಟೇ ಮುಖ್ಯವಾದುದು ನೆರವು. ರೋಗದಿಂದ ಮಲಗಿದವನ ಬೆಳೆ ಹೊಲದಲ್ಲೇ ಹಾಳಾದರೆ ಅದರ ನಷ್ಟ ತನ್ನ ಬಾಗಿಲಿಗೂ ಬರುವುದೆಂದು ಅರಿತವನು ಸಹಾಯಕ್ಕೆ ಹೋಗಲು ಕರುಣೆಯೊಂದನ್ನೇ ನೆಚ್ಚಬೇಕಾಗಿಲ್ಲ. ಸಾಲಕ್ಕಾಗಿ ಕೂಡಿದ ಸಂಘಗಳು ಬೇಗನೆ ಬೀಜ, ಗೊಬ್ಬರ, ಕಲ್ಲಿದ್ದಲುಗಳನ್ನು ಒಟ್ಟಾಗಿ ಕೊಳ್ಳತೊಡಗಿದುದು ಈ ದೃಷ್ಟಿಯಿಂದ ಗಮನಾರ್ಹ. ಇನ್ನೊಂದು ವಿಶೇಷವುಂಟು. ಸದಸ್ಯರ ಆಸ್ತಿಯ ಮೇಲೆ ಕೈಹಾಕಬೇಕಾದ ಪ್ರಸಂಗ ಜರ್ಮನಿಯ ಈ ಸಂಘಗಳಲ್ಲಿ ಬಲು ವಿರಳವಾಗಿ ಬಂದಿತು. ಒರೆಯಲ್ಲಿದ್ದ ಕತ್ತಿ ಒರೆಯಲ್ಲಿದ್ದುಕೊಂಡೇ ತನ್ನ ಕೆಲಸ ಮಾಡಿತು.

ನಗರದ ಕುಶಲಕರ್ಮಿಗಳಿಗಾಗಿ ಸಹಕಾರ ಬ್ಯಾಂಕುಗಳನ್ನು ಕಟ್ಟಿದ್ದ ಷುಲ್ಟ್ಸ್-ಡೆಲಿಚ್ ಎಂಬುವನು ಷೇರು ಬಂಡವಾಳವಿಲ್ಲದ ಸಂಘವನ್ನು ಒಪ್ಪದೆ ದೀರ್ಘವಾದ ವಾದ ನಡೆಸಿದನು. ಅದರ ವಿವರ ಇಲ್ಲಿ ಅನಗತ್ಯ. ಕಣ್ಣು ಮಂದವಾದ ರೈಫೈಸನ್ ಮಗಳು ಅಮಾಲಿಯಾಳ ಕೈಯಿಂದ ಬರೆಯಿಸುತ್ತ 1888ರಲ್ಲಿ ತೀರಿಕೊಂಡಾಗ ಆತನ ಮಾರ್ಗ ಜರ್ಮನಿಯಲ್ಲಿ ಬೇರುಬಿಟ್ಟಿತ್ತು.

ಇತ್ತ ಭಾರತದಲ್ಲಿ ಸಾಲದ ಸಮಸ್ಯೆ ಇನ್ನೂ ಉಗ್ರರೂಪ ತಾಳಿತ್ತು. 1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. 1879ರ ರೈತ ಪರಿಹಾರ ಕಾಯಿದೆ ನ್ಯಾಯಾಲಯದಲ್ಲಿ ರೈತನಿಗೆ ಕೆಲವು ರಕ್ಷಣೆಗಳನ್ನು ಕೊಟ್ಟಿತೇ ಹೊರತು ಬಿತ್ತನೆಯ ಹೊತ್ತಿಗೆ ಬೇಕಾದ ಹಣವನ್ನಲ್ಲ. ವೆಡರ್‌ಬರ್ನ್, ರಾನಡೆ ಮೊದಲಾದವರ ಕೃಷಿ ಬ್ಯಾಂಕಿನ ಯೋಜನೆಗೆ ಲಂಡನ್ನಿನ ಸಮ್ಮತಿ ದೊರೆಯಲಿಲ್ಲ. ಮುಂದೆ ಮದರಾಸು ಸರ್ಕಾರವು ಫ್ರೆಡರಿಕ್ ನಿಕಲ್ಸನ್ನನನ್ನು ಯುರೋಪಿನ ವ್ಯವಸ್ಥೆಗಳ ಅಧ್ಯಯನಕ್ಕೆ ನೇಮಿಸಿತು. 1895–97ರಲ್ಲಿ ಪ್ರಕಟವಾದ ಆತನ ದೊಡ್ಡ ವರದಿಯ ಸಾರವೆಲ್ಲ ಭಾರತಕ್ಕೊಬ್ಬ ರೈಫೈಸನ್ ಬೇಕೆಂಬುದು. 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆಯಲ್ಲಿ ಆ ಸಲಹೆ ಕಾನೂನಿನ ರೂಪ ಪಡೆಯಿತು. ಒಂದೇ ಊರಿನ ಅಥವಾ ನೆರೆಹೊರೆಯ ಹತ್ತು ಮಂದಿ ಕೂಡಿದರೆ ಸಂಘ. ಗ್ರಾಮ ಸಂಘದಲ್ಲಿ ಐವರಲ್ಲಿ ನಾಲ್ವರು ಒಕ್ಕಲಿಗರಾಗಿರಬೇಕು. ಸಾಮಾನ್ಯವಾಗಿ ಹೊಣೆ ಅಪರಿಮಿತ. ಲಾಭ ಮೀಸಲು ನಿಧಿಗೆ.

ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕಟ್ಟಿದ ಪತ್ತಿನ ಸಂಘವು ಈ ಕಾಯಿದೆಯ ಮೇರೆಗೆ ಮುಂಬಯಿ ಆಧಿಪತ್ಯದಲ್ಲಿ ಹುಟ್ಟಿದ ಮೊದಲ ಸಂಘ. ಸರ್ಕಾರದ ಕಾಗದದಲ್ಲಿದ್ದ ಮಾತಿಗೆ ಒಂದು ಕನ್ನಡ ಹಳ್ಳಿ ಜೀವ ಕೊಟ್ಟಿತು. ಕಾಯಿದೆ ಬಂದ ಮಾತ್ರಕ್ಕೆ ರೈತನು ನೆರೆಯವನ ಸಾಲಕ್ಕೆ ತನ್ನ ಹೊಲವನ್ನು ಒಡ್ಡುವುದಿಲ್ಲ. ಊರವರೆಲ್ಲ ಮಾತು ನಂಬುವಂಥ ಒಬ್ಬರು ಮೊದಲು ತಮ್ಮ ಹೊಲವನ್ನು ಒಡ್ಡಬೇಕು. ಪಾಟೀಲರನ್ನು ಸಹಕಾರ ಪಿತಾಮಹರೆಂದು ನಾಡು ಕರೆಯುವುದಕ್ಕೆ ಇಷ್ಟು ಕಾರಣ ಸಾಕು.

ಹಾಗೆಂದು ಈ ಪದ್ಧತಿ ಹೋದೆಡೆಯಲ್ಲೆಲ್ಲ ಫಲಿಸಿತೆಂದು ಹೇಳಲಾಗದು. ಐರ್ಲೆಂಡಿನಲ್ಲಿ ಹೊರೇಸ್ ಪ್ಲಂಕೆಟ್ ಮತ್ತು ಸಂಗಡಿಗರು 1894ರಲ್ಲಿ ಸಹಕಾರದ ಸಂಘಟನೆಗೆ ತೊಡಗಿ, ಮರುವರ್ಷ ಡೊನೆರೈಲಿನಲ್ಲಿ ರೈಫೈಸನ್ ಮಾದರಿಯ ಮೊದಲ ಸಂಘವನ್ನು ತೆರೆದರು. ನಿಯಮಗಳೆಲ್ಲ ಜರ್ಮನಿಯವೇ. ಆದರೆ ಸದಸ್ಯರು ಠೇವಣಿಯಿಡಲಿಲ್ಲ. ಬಂಡವಾಳಕ್ಕೆ ಸರ್ಕಾರದ ಸಾಲವೇ ಆಧಾರವಾಯಿತು. ಲೆಕ್ಕ ತಪಾಸಣೆ ಸಡಿಲವಾಗಿತ್ತು. ವಾಯಿದೆ ಮೀರಿದ ನೆರೆಯವನನ್ನು ಕೇಳಲು ಯಾರಿಗೂ ಮನಸ್ಸಾಗಲಿಲ್ಲ. ಊರಿನ ಹಣ ಒಳಗಿಲ್ಲದ ಕಡೆ ಊರಿನ ಕಣ್ಣೂ ಇರುವುದಿಲ್ಲ.

ಭಾರತದಲ್ಲಿಯೂ ಬಹುಪಾಲು ಇದೇ ಕಥೆ. ಇಲ್ಲಿ ಇನ್ನೊಂದು ತೊಡಕು ಬೇರೆ. ಎರಡು ಎಕರೆಯವನೂ ನೂರು ಎಕರೆಯವನೂ ಒಂದೇ ಪತ್ರಕ್ಕೆ ಸಹಿ ಹಾಕಿದರೆ ಕಳೆದುಕೊಳ್ಳುವುದು ನೂರು ಎಕರೆಯವನಿಗೇ ಹೆಚ್ಚು. ಆದಕಾರಣ ಸ್ಥಿತಿವಂತರು ದೂರ ನಿಂತರು. ಹೊಣೆಗೆ ಅಂಜಿದ ಸದಸ್ಯರು ತೀರ ಬಡವನನ್ನು ಒಳಗೆ ಬಿಡಲಿಲ್ಲ. ಈ ಎರಡನೆಯದು ಪದ್ಧತಿಯ ಹುಟ್ಟುಗುಣವೆಂದೇ ಹೇಳಬೇಕು. ನೆರೆಯವರ ವಿವೇಕಕ್ಕೆ ಬಾಗಿಲ ಕೀಲಿ ಕೊಟ್ಟಮೇಲೆ ಅವರ ಪೂರ್ವಗ್ರಹಕ್ಕೂ ಕೊಟ್ಟಂತೆಯೇ. 1951–52ರ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯ ವೇಳೆಗೆ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡ 3ರಷ್ಟಿದ್ದರೆ ಲೇವಾದೇವಿಗಾರರದು ಸುಮಾರು ಶೇಕಡ 70. 1954ರಲ್ಲಿ ಬಂದ ವರದಿಯು ದೊಡ್ಡ ವ್ಯಾಪ್ತಿಯ ಸಂಘಗಳನ್ನೂ ಪರಿಮಿತ ಹೊಣೆಯನ್ನೂ ಸರ್ಕಾರದ ಪಾಲುಗಾರಿಕೆಯನ್ನೂ ಶಿಫಾರಸು ಮಾಡಿತು. ಹಣ ಹೆಚ್ಚಿತು, ಹಳ್ಳಿಯ ಪರಸ್ಪರ ಹೊಣೆ ತೆರೆಯ ಹಿಂದೆ ಸರಿಯಿತು.

ಅದು ಮತ್ತೆ ಕಾಣಿಸಿಕೊಂಡುದು ಕರ್ನಾಟಕದಲ್ಲಿಯೇ. 1984–85ರ ಸುಮಾರಿಗೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯು ಹಳ್ಳಿಗಾಡಿನಲ್ಲಿ ಬೆಳೆಸಿದ್ದ ದೊಡ್ಡ ಸಹಕಾರ ಸಂಘಗಳು ಒಳಜಗಳದಿಂದ ಒಡೆದವು. ಆಗ ಕೆಲವು ಸದಸ್ಯರು, ತಾವು ಪಡೆದ ಸಾಲವನ್ನು ಸಂಸ್ಥೆಗೆ ಮರಳಿಸುವೆವು, ನಂಬಿಕೆ ಕಳೆದುಕೊಂಡ ಆ ಸಂಘಕ್ಕೆ ಮಾತ್ರ ಕೊಡೆವು ಎಂದರಂತೆ. ಹಾಗಾದರೆ ನೀವು ನಂಬುವ ನಿಮ್ಮವರೇ ಕೂಡಿಕೊಂಡು ಆ ಹಣವನ್ನು ನಿಮಗೆ ನೀವೇ ಏಕೆ ತೀರಿಸಿಕೊಳ್ಳಬಾರದು ಎಂದು ಸಂಸ್ಥೆಯವರು ಕೇಳಿದರು. ಹಾಗೆ ಕೂಡಿದವು ಹದಿನೈದು ಇಪ್ಪತ್ತು ಜನರ ಸಣ್ಣ ಗುಂಪುಗಳು. 1992ರಲ್ಲಿ ನಬಾರ್ಡ್ ಬ್ಯಾಂಕು ದೇಶದಾದ್ಯಂತ ಇಂಥ 500 ಗುಂಪುಗಳಿಗೆ ಬ್ಯಾಂಕಿನ ಸಾಲ ದೊರಕಿಸುವ ಪ್ರಯೋಗವನ್ನು ಆರಂಭಿಸಿತು. ಸಾಲಪತ್ರ ಗುಂಪಿನ ಹೆಸರಿನಲ್ಲಿ. ಯಾರಿಗೆ ಎಷ್ಟು, ಯಾವ ಕೆಲಸಕ್ಕೆ ಎಂಬುದನ್ನು ಚಾಪೆಯ ಮೇಲೆ ಸುತ್ತ ಕುಳಿತವರೇ ಗೊತ್ತುಮಾಡತಕ್ಕದ್ದು.