ಹೂ ಬಿಡಿಸಿದ ಕೈಗಳು

ಮುಂಗಾರು ಹಿಡಿಯುವ ಹೊತ್ತಿಗೆ ದಾಂಡೇಲಿ, ಜೋಯಿಡಾ ಕಾಡಿನ ಮರಗಳ ಕೊಂಬೆಗಳಲ್ಲಿ ಸೀತಾಳೆದಂಡೆ ಅರಳುತ್ತದೆ. ನೇರಳೆ ಚುಕ್ಕೆಯ ಈ ಹೂಗೊಂಚಲು ಹೆಂಗಸರ ಮುಡಿ ಏರುವುದೂ ಉಂಟು. ಆದರೆ ಸಸ್ಯಶಾಸ್ತ್ರದ ಪುಸ್ತಕವನ್ನು ಅದು ಏರಿ ಮುನ್ನೂರು ವರ್ಷಗಳಾದವು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ‘ಹಾರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾಯಿತು. ಅದರ ಕೊನೆಯ ಸಂಪುಟದಲ್ಲಿ ಸೀತಾಳೆದಂಡೆಯ ಚಿತ್ರವಿದೆ. 1753ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಈ ಗಿಡಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ಉಲ್ಲೇಖಿಸಿದ್ದು ಈ ಚಿತ್ರವನ್ನೇ.

ಸಸ್ಯಚಿತ್ರದ ಮಹತ್ವ ಇಲ್ಲಿದೆ. ಗೋಡೆಯ ಅಂದಕ್ಕೆ ಬರೆದ ಹೂವಿನ ಚಿತ್ರವೇ ಬೇರೆ, ಇದೇ ಬೇರೆ. ಎಲೆಯ ಮೇಲ್ಭಾಗ, ಕೆಳಭಾಗ, ಮೊಗ್ಗು, ಹೂ, ಸೀಳಿದ ಕಾಯಿ, ಬೀಜ ಇವೆಲ್ಲ ಸರಿಯಾದ ಅಳತೆಯಲ್ಲಿ ಒಂದೇ ಹಾಳೆಯ ಮೇಲೆ ಬರಬೇಕು. ಹೂ ಜೂನ್‌ನಲ್ಲಿ ಬಿಟ್ಟು ಕಾಯಿ ಡಿಸೆಂಬರ್‌ನಲ್ಲಿ ಬಲಿತರೆ ಒಂದು ಛಾಯಾಚಿತ್ರ ಎರಡನ್ನೂ ಹಿಡಿಯಲಾರದು. ಚಿತ್ರ ಹಿಡಿಯುತ್ತದೆ. ಅದು ಒಂದು ಗಿಡದ ಪೂರ್ಣ ಜಾತಕವಿದ್ದಂತೆ.

ಈ ಜಾತಕ ಬರೆದವರಲ್ಲಿ ಮಹಿಳೆಯರು ಬಹಳ ಮಂದಿ. ಇದಕ್ಕೆ ಕಾರಣವೂ ಸ್ವಾರಸ್ಯಕರ. 18 ಮತ್ತು 19ನೇ ಶತಮಾನದ ಇಂಗ್ಲೆಂಡಿನ ಉಳ್ಳವರ ಮನೆಗಳಲ್ಲಿ ಹೂ ಬರೆಯುವುದು ಹೆಣ್ಣುಮಕ್ಕಳು ಕಲಿಯಬೇಕಾದ ವಿದ್ಯೆಗಳಲ್ಲಿ ಒಂದಾಗಿತ್ತು. ಹೊಲಿಗೆ, ಸಂಗೀತಗಳ ಸಾಲಿನಲ್ಲಿ ಅದೂ ಒಂದು. ಕುಂಚ ಹಿಡಿಯಲು ಅಡ್ಡಿಯಿರಲಿಲ್ಲ. ಆದರೆ ವಿಜ್ಞಾನದ ಸಭೆಗೆ ಪ್ರವೇಶವಿರಲಿಲ್ಲ. ಲಂಡನ್ನಿನ ಲಿನ್ನಿಯನ್ ಸೊಸೈಟಿ ಮಹಿಳೆಯರನ್ನು ಸದಸ್ಯರಾಗಿ ಆರಿಸಿದ್ದು 1904ರಲ್ಲಿ. ಅಲ್ಲಿಯವರೆಗೆ ಅವರು ಬರೆದದ್ದು ‘ಹವ್ಯಾಸ’; ಅದನ್ನು ಬಳಸಿ ಗಂಡಸರು ಬರೆದದ್ದು ‘ಶಾಸ್ತ್ರ’.

ದಕ್ಷಿಣ ಭಾರತದಲ್ಲೇ ಇದಕ್ಕೆ ಉದಾಹರಣೆಗಳಿವೆ. ಮದರಾಸಿನ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಪತ್ನಿಯಾಗಿ 1801ರಲ್ಲಿ ಬಂದ ಎಲಿಜಬೆತ್ ಗ್ವಿಲಿಂ 1807ರಲ್ಲಿ ಅಲ್ಲೇ ತೀರಿಕೊಂಡರು. ಆ ಆರು ವರ್ಷಗಳಲ್ಲಿ ಅವರು ಹಕ್ಕಿಗಳನ್ನು ಜಲವರ್ಣದಲ್ಲಿ ಬರೆದರು. ಅನೇಕ ಹಕ್ಕಿಗಳನ್ನು ನಿಜಗಾತ್ರದಲ್ಲೇ. ಅಮೆರಿಕದ ಆಡುಬಾನ್ ನಿಜಗಾತ್ರದ ಹಕ್ಕಿಚಿತ್ರಗಳ ಪ್ರಕಟಣೆಯನ್ನು ಆರಂಭಿಸಿದ್ದು 1827ರಲ್ಲಿ. ಆಡುಬಾನ್ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಗ್ವಿಲಿಂ ಅವರ ಚಿತ್ರಗಳು ಮಾತ್ರ ಶತಮಾನಕ್ಕೂ ಹೆಚ್ಚು ಕಾಲ ಮರೆಯಲ್ಲಿದ್ದು, 1920ರ ದಶಕದಲ್ಲಿ ಲಂಡನ್ನಿನಲ್ಲಿ ಕೈಗೆ ಸಿಕ್ಕವು. ಅವು ಈಗ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿವೆ.

ನೀಲಗಿರಿಯ ಕೋಟಗಿರಿಯಲ್ಲಿ, ಕನ್ನಡಕ್ಕೆ ಹತ್ತಿರದ ಮಾತಾಡುವ ಬಡಗರ ಊರುಗಳ ನೆರೆಯಲ್ಲಿ, ಮಾರ್ಗರೆಟ್ ಕಾಕ್‌ಬರ್ನ್ (1829–1928) ಬಾಳಿದರು. ಬೆಟ್ಟದ ಹಕ್ಕಿಗಳನ್ನೂ ಹೂಗಳನ್ನೂ ಅವರು ಬರೆದರು, ಹಕ್ಕಿಗಳ ಗೂಡು, ಮೊಟ್ಟೆಗಳನ್ನು ಗಮನಿಸಿ ಟಿಪ್ಪಣಿ ಮಾಡಿದರು. ಭಾರತದ ಹಕ್ಕಿಗಳ ಗೂಡುಗಳನ್ನು ಕುರಿತು ಎ.ಒ. ಹ್ಯೂಮ್ ರಚಿಸಿದ ಪ್ರಸಿದ್ಧ ಗ್ರಂಥದಲ್ಲಿ ‘ಮಿಸ್ ಕಾಕ್‌ಬರ್ನ್’ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಅವರ ಚಿತ್ರಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ಚಹಾ ತೋಟ, ನೀಲಗಿರಿ ಮರದ ನೆಡುತೋಪುಗಳು ಆ ಬೆಟ್ಟಗಳ ರೂಪವನ್ನೇ ಬದಲಿಸಿರುವಾಗ, ಅಂಥ ಚಿತ್ರವೂ ಟಿಪ್ಪಣಿಯೂ ಹಿಂದಿನ ನಿಸರ್ಗದ ಸಾಕ್ಷಿಗಳು.

ಈ ಕೆಲಸವನ್ನು ಸಂಬಳದ ಉದ್ಯೋಗವಾಗಿ ಮಾಡಿ ತೋರಿಸಿದವರು ಮಟಿಲ್ಡಾ ಸ್ಮಿತ್. ಅವರು ಹುಟ್ಟಿದ್ದು 1854ರಲ್ಲಿ, ಮುಂಬಯಿಯಲ್ಲಿ. ಎಂಟು ವರ್ಷಗಳ ನಂತರ, 1862ರಲ್ಲಿ, ಹಳಿಯಾಳ, ಸೂಪಾ, ಮುಂಡಗೋಡ ಸೀಮೆಯನ್ನೊಳಗೊಂಡ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಷ್ಟರಲ್ಲಿ ಸ್ಮಿತ್ ಕುಟುಂಬ ಇಂಗ್ಲೆಂಡಿಗೆ ಮರಳಿತ್ತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಅವರು ಸುಮಾರು 40 ವರ್ಷ ದುಡಿದು ‘ಕರ್ಟಿಸ್ ಬಟಾನಿಕಲ್ ಮ್ಯಾಗಝಿನ್’ ಒಂದಕ್ಕೇ 2,300ಕ್ಕೂ ಹೆಚ್ಚು ಚಿತ್ರ ಬರೆದರು. ದೂರದೇಶಗಳಿಂದ ಬಂದ, ಒಣಗಿ ಚಪ್ಪಟೆಯಾದ ಗಿಡಕ್ಕೆ ಕಾಗದದ ಮೇಲೆ ಮತ್ತೆ ಜೀವ ತುಂಬುವುದರಲ್ಲಿ ಅವರು ನಿಸ್ಸೀಮರು. 1898ರಲ್ಲಿ ಕ್ಯೂ ಉದ್ಯಾನದ ಮೊದಲ ಅಧಿಕೃತ ಸಸ್ಯ ಚಿತ್ರಕಾರರಾದರು. ಆದರೂ ಅಚ್ಚಾದ ಚಿತ್ರದ ಮೂಲೆಯಲ್ಲಿ ಇರುತ್ತಿದ್ದುದು ‘ಎಂ.ಎಸ್.’ ಎಂಬ ಎರಡಕ್ಷರ ಮಾತ್ರ.

ಉತ್ತರ ಕನ್ನಡದ ಕಾಡಿಗೂ ಇಂಥ ದಾಖಲೆಯ ಋಣವಿದೆ. ಇಲ್ಲಿ ಅರಣ್ಯಾಧಿಕಾರಿಯಾಗಿದ್ದ ಡಬ್ಲ್ಯು.ಎ. ಟಾಲ್ಬಟ್ 1909 ಮತ್ತು 1911ರಲ್ಲಿ ಮುಂಬಯಿ ಪ್ರಾಂತ್ಯ ಮತ್ತು ಸಿಂಧ್‌ನ ಅರಣ್ಯ ಸಸ್ಯಗಳನ್ನು ಕುರಿತು ಎರಡು ಸಚಿತ್ರ ಸಂಪುಟಗಳನ್ನು ಹೊರತಂದರು. ಅವರು ಕಂಡ ಸೂಪಾ ಈಗಿಲ್ಲ. 1980ರ ದಶಕದಲ್ಲಿ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪೇಟೆಯೂ ಕಣಿವೆಯೂ ಮುಳುಗಿದವು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಮುಳುಗಿದ ಕಾಡನ್ನು ಚಿತ್ರ ಮರಳಿ ತರಲಾರದು. ಆದರೆ ಅಂಥ ಕಾಡಿನಲ್ಲಿ ಏನಿತ್ತೆಂದು ಹೇಳಬಲ್ಲದು.

ಈ ಪರಂಪರೆ ನಮ್ಮಲ್ಲಿ ನಿಂತಿಲ್ಲ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ 2018ರಲ್ಲಿ ಪಶ್ಚಿಮ ಘಟ್ಟದ ಭಾರೀ ಮರಗಳ ಕುರಿತು ‘ಪಿಲ್ಲರ್ಸ್ ಆಫ್ ಲೈಫ್’ ಪುಸ್ತಕ ತಂದಿತು. ಬರಹ ದಿವ್ಯಾ ಮುಡಪ್ಪ ಮತ್ತು ಟಿ.ಆರ್. ಶಂಕರ್ ರಾಮನ್ ಅವರದು. ಚಿತ್ರ ಬೆಂಗಳೂರಿನ ನಿರುಪಾ ರಾವ್ ಅವರದು. ದಟ್ಟ ಕಾಡಿನಲ್ಲಿ ನೂರಡಿ ಎತ್ತರದ ಮರವನ್ನು ಬುಡದಿಂದ ತುದಿಯವರೆಗೆ ಒಂದೇ ನೋಟದಲ್ಲಿ ಕಾಣಲಾಗದು. ಕ್ಯಾಮೆರಾಕ್ಕೂ ಅದು ದಕ್ಕದು. ಕಾಂಡವನ್ನೊಮ್ಮೆ, ಕೊಂಬೆಯನ್ನೊಮ್ಮೆ, ಎಲೆಯನ್ನೊಮ್ಮೆ ನೋಡಿ, ಬಲ್ಲವರನ್ನು ಕೇಳಿ, ಇಡೀ ಮರವನ್ನು ಕಾಗದದ ಮೇಲೆ ಕೂಡಿಸಬೇಕು. ಹೀಗೆ ಕೂಡಿಸುವುದಕ್ಕೆ ಕಲೆಯೊಂದೇ ಸಾಲದು, ಶಾಸ್ತ್ರವೂ ಬೇಕು.

ಎಂ.ಎಸ್. ಎಂಬ ಎರಡಕ್ಷರದಿಂದ ಲೇಖಕರ ಜೊತೆಗೆ ಕಲಾವಿದೆಯ ಹೆಸರನ್ನೂ ಪೂರ್ತಿಯಾಗಿ ಅಚ್ಚು ಹಾಕುವವರೆಗೆ ಬರಲು ನೂರು ವರ್ಷ ಹಿಡಿಯಿತು. ಕಾಳಿ ಕಣಿವೆಯ ಕಾಡಿನಲ್ಲಿ ಚಿತ್ರಕ್ಕೆ ಕಾದಿರುವ ಮರಗಿಡಗಳಿಗೆ ಕೊರತೆಯಿಲ್ಲ. ಅವುಗಳ ಹೂ, ಕಾಯಿ, ಚಿಗುರಿನ ಕಾಲವನ್ನು ಬಲ್ಲ ಹೆಂಗಸರು ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿದ್ದಾರೆ. ಅವರ ಮಕ್ಕಳ ಕೈಗೆ ಶಾಲೆಯಲ್ಲಿ ಪೆನ್ಸಿಲ್ಲೂ ಬಣ್ಣವೂ ಸಿಕ್ಕಿದರೆ, ಮುಂದಿನ ಪುಟಗಳನ್ನು ಬರೆಯುವವರು ಹೊರಗಿನಿಂದಲೇ ಬರಬೇಕಾಗಿಲ್ಲ.